ಭಾವ ಹೇಳುತ್ತಿದ್ದ ಮೂರು ಶಬ್ದ

ವಾಲಿಬಾಲ್ ನೋಡಲು ಬಂದವರೆಲ್ಲ ಹೊಡೆಯುವವನನ್ನೇ ನೋಡುತ್ತಾರೆ. ಅವನು ಹೊಡೆಯುವುದಕ್ಕೆ ಸರಿಯಾಗಿ ಚೆಂಡನ್ನು ಮೇಲೆ ಎತ್ತಿಕೊಡುವ ಲಿಫ್ಟರ್ ಅಂತ ಒಬ್ಬನಿರುತ್ತಾನೆ, ಅವನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಗೆದ್ದರೆ ಹೊಡೆದವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಾರೆ. ಸೋತರೆ ಮಾತ್ರ, ಲಿಫ್ಟ್ ಸರಿ ಇರಲಿಲ್ಲ ಅನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯುತ್ತದೆ. ನಾನು ಹೊಡೆಯುವವನಾಗಿದ್ದೆ, ಹೆಗಲ ಮೇಲೆ ಕೂತವನು. ಹಾಗಾಗಿ ಈ ಅನ್ಯಾಯದ ಬಗ್ಗೆ ಮಾತಾಡುವ ಅಧಿಕಾರ ನನಗಿದೆ.

ನನಗೆ ಚೆಂಡು ಎತ್ತಿಕೊಡುತ್ತಿದ್ದವರು ನನ್ನ ಭಾವ. ಆಗ ಇನ್ನೂ ಭಾವ ಆಗಿರಲಿಲ್ಲ. ಉಡುಪಿಯಿಂದ ಸ್ವಲ್ಪ ಆಚೆ ನಮ್ಮೂರಿನ ಶಾಲೆಯ ಹಿಂದೆ ಒಂದು ಮೈದಾನವಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಕೂಡಲೇ ಅಲ್ಲಿ ನೆಟ್ ಕಟ್ಟುತ್ತಿದ್ದರು. ಅವರು ನನಗಿಂತ ಆರೇಳು ವರ್ಷ ದೊಡ್ಡವರು, ತೆಳ್ಳಗೆ, ಮಾತು ಕಡಿಮೆ. ನಾನು ಮೀಸೆ ಮೂಡದ ಹುಡುಗ, ಬಾಯಿ ಮಾತ್ರ ದೊಡ್ಡದು. ನಾನು ಎಲ್ಲಿ ನೆಗೆದರೂ ಚೆಂಡು ಅಲ್ಲಿ ಮೊದಲೇ ಬಂದು ಕಾಯುತ್ತಿತ್ತು. ನನ್ನ ಆಟ ಮೆಚ್ಚಿಯೇ ನನಗೆ ಅಷ್ಟು ಚಂದ ಎತ್ತಿಕೊಡುತ್ತಾರೆ ಎಂದು ನಾನು ಬೀಗುತ್ತಿದ್ದೆ. ಆಟ ಮುಗಿದ ಮೇಲೆ ನೀರು ಕುಡಿಯಲು ಅವರು ತಪ್ಪದೆ ನಮ್ಮ ಮನೆಗೇ ಬರುತ್ತಿದ್ದರು. ನೀರು ಕೊಡುತ್ತಿದ್ದವಳು ನನ್ನ ಅಕ್ಕ. ಇಡೀ ಊರಿಗೆ ಅರ್ಥವಾಗಿದ್ದ ಸಂಗತಿ ನನಗೆ ಅರ್ಥವಾದದ್ದು ಮದುವೆ ಗೊತ್ತಾದ ದಿನ.

ಮದುವೆಯಾಗಿ ಅವರು ಮುಂಬಯಿಯ ಆಚೆ ಡೊಂಬಿವಲಿಗೆ ಬಂದರು. ಅಲ್ಲಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುವ ಕೆಲಸ. ಹಿಂದೆಯೇ ನಾನೂ ಬಂದೆ, ಹತ್ತಾರು ಹೋಟೆಲು ಸುತ್ತಿದೆ. ಈಗ ವಾಶಿಯ ಮಾರ್ಕೆಟ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ವಾಸ ಕೋಪರಖೈರಣೆ. ಮ್ಯಾನೇಜರ್ ಅನ್ನುವುದು ಹೇಳಿಕೊಳ್ಳುವುದಕ್ಕೆ; ನಿಜವಾದ ಕೆಲಸ ಗಲ್ಲಾದಲ್ಲಿ ಕೂತು ಕೂಗುವುದು. ಹೊರಗೆ ಟೆಂಪೋಗಳು ಹಾರ್ನ್ ಹೊಡೆಯುತ್ತಿರುತ್ತವೆ, ಒಳಗೆ ಗ್ರೈಂಡರ್ ತಿರುಗುತ್ತಿರುತ್ತದೆ, ಇವೆರಡರ ನಡುವೆ ನಾನು ಕೂತಲ್ಲಿಂದಲೇ "ಎರಡು ಇಡ್ಲಿ, ಒಂದು ಸಾದಾ" ಅಂದರೆ ಅಡುಗೆಮನೆಯ ಕೊನೆಯಲ್ಲಿ ದೋಸೆಕಲ್ಲಿನ ಮುಂದೆ ನಿಂತವನಿಗೆ ಕೇಳಬೇಕು. ಕೇಳುತ್ತದೆ. ನನ್ನ ಗಂಟಲಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಅಕ್ಕನಿಗೆ ಒಬ್ಬನೇ ಮಗ. ಅವರ ಬಿಲ್ಡಿಂಗಿನ ಕಂಪೌಂಡಿನಲ್ಲಿ ಪಂಪ್ ರೂಮಿನ ಒಂದು ಗೋಡೆಯಿದೆ. ಭಾವ ಆ ಗೋಡೆಯ ಮೇಲೆ ಇಟ್ಟಿಗೆಯ ಚೂರಿನಿಂದ ಮೂರು ಗೆರೆ ಎಳೆದಿದ್ದರು. ಹುಡುಗ ನೆಲಕ್ಕೆ ಒಂದು ಮೊಣಕಾಲು ಊರಿ, ಎರಡೂ ಕೈ ಹಣೆಯ ಮೇಲೆ ಹಿಡಿದು, ಭಾವ ಎಸೆದ ಚೆಂಡನ್ನು ಬೆರಳ ತುದಿಯಿಂದ ಗೆರೆಯ ಕಡೆಗೆ ಎತ್ತಬೇಕು. ಯಾವ ಗೆರೆ ಎಂದು ಭಾವ ಚೆಂಡು ಗಾಳಿಯಲ್ಲಿರುವಾಗ ಹೇಳುತ್ತಿದ್ದರು. ನಾವು ಮನೆಯಲ್ಲಿ ಮಾತಾಡುವುದು ತುಳು, ಹಾಗಾಗಿ ಶಬ್ದಗಳೂ ತುಳುವಿನವೇ. "ದುಂಬು" ಅಂದರೆ ಮುಂದಿನವನಿಗೆ. "ನಡು" ಅಂದರೆ ನಡುವಿನವನಿಗೆ, ಗಿಡ್ಡಕ್ಕೆ, ಬೇಗ. "ಪಿರ" ಅಂದರೆ ತಲೆಯ ಮೇಲಿಂದ ಹಿಂದಕ್ಕೆ, ನೋಡದೆ. ಮೂರೇ ಶಬ್ದ, ಹುಡುಗನೇ ನನಗೆ ಹೇಳಿದ್ದು. ಶುಕ್ರವಾರ ಎಂಐಡಿಸಿಗೆ ರಜೆ, ಅಂದು ಮಧ್ಯಾಹ್ನ ನಾನು ಹೋದರೆ ಮೇಲೆ ಗ್ಯಾಲರಿಯಲ್ಲಿ ಅಕ್ಕನ ಜೊತೆ ಚಾ ಕುಡಿಯುತ್ತಾ ಇದನ್ನೇ ನೋಡುತ್ತಿದ್ದೆ. ಕೆಳಗಿನಿಂದ ಚೆಂಡಿನ ಸದ್ದು ಕೇಳುತ್ತಿತ್ತು, ಭಾವನ ಸ್ವರ ಕೇಳುತ್ತಿರಲಿಲ್ಲ. ಅಷ್ಟು ಮೆಲ್ಲ ಹೇಳುತ್ತಿದ್ದರು.

ಹುಡುಗ ಕಲ್ಯಾಣದ ಕಾಲೇಜು ಸೇರಿದ ಮೊದಲನೇ ವರ್ಷವೇ ಟೀಮಿಗೆ ಬಂದ. ಸೀನಿಯರುಗಳನ್ನು ಬೆಂಚಿನಲ್ಲಿ ಕೂರಿಸಿ ಅವನನ್ನು ಲಿಫ್ಟರ್ ಮಾಡಿದರು. ನಾನು ಒಂದೆರಡು ಪಂದ್ಯ ನೋಡಿದೆ. ಅವನ ಕೈಯಿಂದ ಚೆಂಡು ಮೇಲೇಳುವಾಗ ಸದ್ದೇ ಆಗುತ್ತಿರಲಿಲ್ಲ. ಅದು ಭಾವನ ಕೈ. ಮೂವತ್ತು ವರ್ಷದ ಹಿಂದೆ ನನ್ನ ತಲೆಯ ಮೇಲೆ ಬಂದು ನಿಲ್ಲುತ್ತಿದ್ದ ಚೆಂಡೇ ಅದು. ನನಗೆ ಪ್ಯಾಂಟು ಮಡಚಿ ಒಳಗೆ ಹೋಗಿ ಹೊಡೆಯಬೇಕು ಅನ್ನಿಸಿತ್ತು. ಹೊಟ್ಟೆ ನೋಡಿಕೊಂಡು ಸುಮ್ಮನಾದೆ. ಭಾವ ಎರಡು ಶಿಫ್ಟಿನ ಚಾದ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದರು. ಲಿಫ್ಟರ್ ನಿಲ್ಲುವ ಬದಿಯಲ್ಲಿ, ಗೆರೆಯಿಂದ ಎರಡು ಹೆಜ್ಜೆ ಹೊರಗೆ, ಕೈ ಕಟ್ಟಿಕೊಂಡು ನಿಲ್ಲುವುದು. ಹುಡುಗ ಒಮ್ಮೊಮ್ಮೆ ಅವರ ಕಡೆ ತಿರುಗುತ್ತಿದ್ದ. ಆಗ ಭಾವನ ತುಟಿ ಸ್ವಲ್ಪ ಅಲ್ಲಾಡುತ್ತಿತ್ತು, ಅಷ್ಟೇ.

ಮರುವರ್ಷ ಮಳೆ ಸುರುವಾಗುವ ಮೊದಲು ಭಾವ ತೀರಿಕೊಂಡರು. ಕ್ಯಾಂಟೀನಿನಲ್ಲಿ ಊಟದ ಹೊತ್ತು ಮುಗಿಸಿ, ಬೆವರುತ್ತಿದೆ ಎಂದು ಫ್ಯಾನಿನ ಕೆಳಗೆ ಕೂತವರು ಮತ್ತೆ ಏಳಲಿಲ್ಲ. ಐವತ್ತೈದು ತುಂಬಿರಲಿಲ್ಲ. ನನಗೆ ಫೋನು ಬಂದಾಗ ಗಲ್ಲಾದ ಮುಂದೆ ಆರೇಳು ಜನ ನಿಂತಿದ್ದರು. ಅವರಿಗೆಲ್ಲ ಚಿಲ್ಲರೆ ಕೊಟ್ಟು ಎದ್ದದ್ದು ನೆನಪಿದೆ, ಸ್ಟೇಷನಿಗೆ ಹೇಗೆ ಹೋದೆ ಎಂಬುದು ನೆನಪಿಲ್ಲ.

ನಮ್ಮಲ್ಲಿ ಅಕ್ಕನ ಮಗನೆಂದರೆ ಮಾವನ ಜವಾಬ್ದಾರಿ. ಹಿಂದೆ ಅಳಿಯಸಂತಾನದ ಕಾಲದಲ್ಲಿ ಆಸ್ತಿಯೂ ಹಾಗೇ ಇಳಿಯುತ್ತಿತ್ತು. ಆಸ್ತಿ ಹೋಯಿತು, ಕಟ್ಟಲೆಯೂ ಹೋಯಿತು, ಜವಾಬ್ದಾರಿ ಮಾತ್ರ ಮುಂಬಯಿಯ ರೈಲು ಹತ್ತಿ ನಮ್ಮ ಜೊತೆ ಬಂದಿದೆ. ಭಾವನ ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ಊಟಕ್ಕೆ ಎಲೆ ಹಾಕುವ ಮೊದಲು ಊರಿನಿಂದ ಬಂದ ಹಿರಿಯರೊಬ್ಬರು ಹುಡುಗನನ್ನು ನನ್ನ ಪಕ್ಕ ಕೂರಿಸಿ, "ಇನ್ನು ಇವನಿಗೆ ನೀನೇ" ಎಂದರು. ನಾನು ತಲೆ ಆಡಿಸಿದೆ. ಹುಡುಗ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡುತ್ತಿದ್ದ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಫೋನು ಮಾಡಿದಳು. ಅವಳಿಗೆ ವಾಲಿಬಾಲಿನ ಗಂಧಗಾಳಿ ಇಲ್ಲ. ಗಂಡ, ತಮ್ಮ, ಮಗ ಮೂವರೂ ಆಡಿದರೂ ಪಾಯಿಂಟು ಹೇಗೆ ಬರುತ್ತದೆಂದು ಅವಳು ಕೇಳಿದವಳಲ್ಲ.

"ತಮ್ಮ, ಅವನ ಆಟ ಕೆಟ್ಟಿದೆಯಂತೆ," ಎಂದಳು.

"ಯಾರು ಹೇಳಿದ್ದು?"

"ಅವನ ದೋಸ್ತ ಒಬ್ಬ. ಎತ್ತಿದ್ದೆಲ್ಲ ಎಲ್ಲೆಲ್ಲಿಗೋ ಹೋಗ್ತದಂತೆ. ಕೈಗೆ ಚೆಂಡು ಬಂದ್ರೆ ಎಂತ ಮಾಡ್ಬೇಕೂಂತ ಗೊತ್ತಿಲ್ಲದವನ ಹಾಗೆ ನಿಲ್ತಾನಂತೆ." ಮತ್ತೆ ಹೇಳಿದಳು, "ಆಟ ಹೇಗೂ ಇರಲಿ. ಆಡಿ ಬಂದ ದಿನ ಮಾತ್ರ ಅವನು ಊಟಕ್ಕೆ ಕೂತಾಗ ನಾಲ್ಕು ಮಾತಾಡ್ತಿದ್ದ. ಈಗ ಅದೂ ಇಲ್ಲ. ಎರಡು ರೊಟ್ಟಿ ತಿಂದು ಎದ್ದು ಹೋಗ್ತಾನೆ. ಟೀಮಿಂದ ತೆಗೆದ್ರೆ ಪೂರಾ ಮೂಗ ಆಗ್ತಾನೆ. ನೀನೊಮ್ಮೆ ಹೋಗಿ ನೋಡು."

ಹೋದೆ. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಾ ಸುರುವಾಗುವ ನಡುವೆ ಮೂರು ಗಂಟೆ ಕದಿಯಬಹುದು. ವಾಶಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಕಲ್ಯಾಣ. ಕಾಲೇಜಿನ ಮೈದಾನದಲ್ಲಿ ಪಂದ್ಯ ಆಗಲೇ ಸುರುವಾಗಿತ್ತು. ನಾನು ದೂರದಲ್ಲಿ ಮರದ ಕೆಳಗೆ ನಿಂತು ನೋಡಿದೆ.

ಕೈ ಕೆಟ್ಟಿರಲಿಲ್ಲ. ಮೊದಲ ಐದು ನಿಮಿಷದಲ್ಲೇ ನನಗೆ ಗೊತ್ತಾಯಿತು. ಚೆಂಡು ಅವನ ಮೇಲೆ ಬರುತ್ತಿತ್ತು, ಅವನು ಸರಿಯಾಗಿಯೇ ಕೆಳಗೆ ಹೋಗಿ ನಿಲ್ಲುತ್ತಿದ್ದ. ಆಮೇಲೆ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಹೋಗುತ್ತಿತ್ತು. ಗೆರೆಯಿಂದ ಎರಡು ಹೆಜ್ಜೆ ಹೊರಗೆ, ಭಾವ ನಿಲ್ಲುತ್ತಿದ್ದ ಜಾಗ. ಅಲ್ಲಿ ಯಾರೋ ಬ್ಯಾಗುಗಳನ್ನು ರಾಶಿ ಹಾಕಿದ್ದರು. ಅಷ್ಟು ಹೊತ್ತಿಗೆ ಚೆಂಡು ತಡವಾಗಿ, ವಾರೆಯಾಗಿ ಕೈಬಿಟ್ಟು ಹೋಗುತ್ತಿತ್ತು. ಹೊಡೆಯುವವರು ಅವನಿಗೆ ಬೈಯುತ್ತಿದ್ದರು. ಅವನು ಎರಡೂ ಕೈ ಎತ್ತಿ ತಪ್ಪು ತನ್ನದೆಂದು ಒಪ್ಪಿಕೊಂಡು ಮತ್ತೆ ಜಾಗಕ್ಕೆ ಹೋಗುತ್ತಿದ್ದ. ಅವನು ಕಳೆದುಕೊಂಡದ್ದು ಏನೆಂದು ಆ ಮೈದಾನದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

ನಾನು ಹೋಗಿ ಆ ಬ್ಯಾಗುಗಳನ್ನು ಕಾಲಲ್ಲಿ ಸರಿಸಿ ಅಲ್ಲಿ ನಿಂತೆ. ಮುಂದಿನ ಚೆಂಡು ಅವನ ಕಡೆ ಬಂದಾಗ ಬಾಯಿ ತೆರೆದೆ.

"ಪಿರ."

ಹೋಟೆಲಿನ ಗಂಟಲು. ರೆಫ್ರಿ ಕೂಡ ತಿರುಗಿ ನೋಡಿದ. ಹುಡುಗ ನೋಡಲಿಲ್ಲ. ಬೆನ್ನು ಸ್ವಲ್ಪ ಬಗ್ಗಿತು, ಚೆಂಡು ಅವನ ತಲೆಯ ಮೇಲಿಂದ ಹಿಂದಕ್ಕೆ ಎದ್ದಿತು, ಅಲ್ಲಿದ್ದವನು ಎದುರು ತಡೆಯುವ ಕೈಗಳೇ ಇಲ್ಲದ, ಬ್ಲಾಕ್ ಇಲ್ಲದ ನೆಟ್ಟಿನ ಮೇಲೆ ಅದನ್ನು ಹೊಡೆದ. ಪಾಯಿಂಟು. ಆಮೇಲೆ ಅವನು ನನ್ನ ಕಡೆ ತಿರುಗಿದ. ಆ ಮುಖವನ್ನು ನಾನು ಮರೆಯುವುದಿಲ್ಲ. ಅವತ್ತು ಅವರು ಗೆದ್ದರು. ಸಂಜೆ ಅಕ್ಕ ಫೋನು ಮಾಡಿ, ಮಗ ಅನ್ನಕ್ಕೆ ಎರಡನೇ ಸಲ ಸಾರು ಹಾಕಿಸಿಕೊಂಡ, ನೀನು ಕೂಗಿದ್ದನ್ನು ಮಾಡಿ ತೋರಿಸಿ ನಗಿಸಿದ ಎಂದಳು. ಹೇಳುತ್ತಾ ಹೇಳುತ್ತಾ ಅತ್ತಳು.

ಸರಿ, ಇನ್ನೇನು ಬೇಕು. ನಾನು ಎಲ್ಲ ಪಂದ್ಯಕ್ಕೂ ಹೋಗಲು ಸುರುಮಾಡಿದೆ. ಅಕ್ಕ ವಾಟ್ಸಾಪಿನಲ್ಲಿ ಜಾಗ, ಹೊತ್ತು ಕಳಿಸುತ್ತಿದ್ದಳು, ನಾನು ಹೋಟೆಲಿನ ಮಾಲೀಕರಿಗೆ ಹಲ್ಲುನೋವು, ಬ್ಯಾಂಕು, ಸೊಸೈಟಿಯ ಮೀಟಿಂಗು ಎಂದು ಒಂದೊಂದು ದಿನ ಒಂದೊಂದು ಹೇಳಿ ಹೊರಡುತ್ತಿದ್ದೆ. ನನ್ನ ಉಪಾಯದ ಬಗ್ಗೆ ನನಗೆ ಬಹಳ ಕೊಬ್ಬಿತ್ತು. ಈ ಊರಿನ ಹುಡುಗರಿಗೆ ತುಳು ಎಲ್ಲಿಂದ ತಿಳಿಯಬೇಕು? ಎದುರು ಟೀಮಿನವರು ನೆಟ್ಟಿನ ಆಚೆ ಮರಾಠಿಯಲ್ಲಿ, ಹಿಂದಿಯಲ್ಲಿ ಕಿರುಚಾಡುತ್ತಿದ್ದರು. ನಾನು ಇಡೀ ಮೈದಾನಕ್ಕೆ ಕೇಳುವ ಹಾಗೆ ಗುಟ್ಟು ಕೂಗುತ್ತಿದ್ದೆ.

ಆದರೆ ಮುಂದಿನ ಪಂದ್ಯ ಸೋತರು. ಅದರ ಮುಂದಿನದ್ದೂ. ಠಾಣೆಯಲ್ಲಿ ಸೋತರು, ಐರೋಳಿಯಲ್ಲಿ ಸೋತರು. ಹುಡುಗ ಈಗ ತಡೆಯುತ್ತಿರಲಿಲ್ಲ, ನಾನು ಹೇಳಿದ ಕಡೆಗೆ ಹೇಳಿದ ಕೂಡಲೇ ಎತ್ತುತ್ತಿದ್ದ. ಲಿಫ್ಟ್ ಚೆನ್ನಾಗಿಯೇ ಇರುತ್ತಿತ್ತು. ಆದರೆ ಎದುರಿನವರ ಬ್ಲಾಕ್ ಅಲ್ಲಿ ಮೊದಲೇ ಬಂದು ನಿಂತಿರುತ್ತಿತ್ತು. ಎರಡು ಜೊತೆ ಕೈ, ನೆಟ್ಟಿನ ಮೇಲೆ, ಚೆಂಡು ಬರುವ ಮೊದಲೇ. ನಾನೇನು ತಿಳಿದೆ? ಹುಡುಗನಿಗೆ ನನ್ನ ಮಾತು ತಡವಾಗಿ ಮುಟ್ಟುತ್ತಿದೆ ಎಂದು ತಿಳಿದೆ. ಇನ್ನೂ ಮೊದಲೇ ಕೂಗತೊಡಗಿದೆ, ಇನ್ನೂ ಜೋರಾಗಿ. ಮನೆಗೆ ಬಂದರೆ ಸ್ವರ ಬಿದ್ದಿರುತ್ತಿತ್ತು. ಹೆಂಡತಿ ಜೀರಿಗೆ ಕಷಾಯ ಮಾಡಿಕೊಟ್ಟು, "ಹೋಟೆಲಲ್ಲಿ ಕೂಗಿದ್ದು ಸಾಲ್ಲಿಲ್ಲವಾ ನಿಮ್ಗೆ" ಎಂದು ಹಂಗಿಸುತ್ತಿದ್ದಳು.

ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಭಾವ ಎಂದೂ ಕೂಗಿದವರಲ್ಲ ಅನ್ನುವುದು ನನ್ನ ತಲೆಗೆ ಒಮ್ಮೆಯೂ ಬರಲಿಲ್ಲ. ಹತ್ತು ಚೆಂಡಿನಲ್ಲಿ ಒಂಬತ್ತನ್ನು ಅವರು ಹುಡುಗನಿಗೇ ಬಿಡುತ್ತಿದ್ದರು. ಅವನು ತಿರುಗಿ ನೋಡಿದರೆ ಮಾತ್ರ ಒಂದು ಶಬ್ದ, ಅದೂ ಅವನಿಗೆ ಮಾತ್ರ. ನಾನು ಹತ್ತಕ್ಕೆ ಹತ್ತೂ ಕೂಗುತ್ತಿದ್ದೆ.

ಕಾಲೇಜಿನ ಕೋಚ್ ಒಳ್ಳೆಯ ಮನುಷ್ಯ. ಬಿಳಿ ಟೋಪಿ, ಮೆತ್ತಗಿನ ಮರಾಠಿ. ಐರೋಳಿಯಲ್ಲಿ ಸೋತ ದಿನ ನನ್ನ ಹತ್ತಿರ ಬಂದು, "ಕಾಕಾ, ಥೋಡಂ ಶಾಂತ್ ರಾಹಾ," ಸ್ವಲ್ಪ ಸುಮ್ಮನಿರಿ ಎಂದರು. ಮತ್ತೆ ಹೇಳಿದರು: ಫಸ್ಟ್ ಇಯರಿನ ಒಬ್ಬ ಲಿಫ್ಟರ್ ತಯಾರಾಗಿದ್ದಾನೆ. ನಿಮ್ಮ ಹುಡುಗನಿಗೆ ಇನ್ನು ಎರಡು ಪಂದ್ಯ ಕೊಡುತ್ತೇನೆ. ಅವನ ಮನೆಯ ಪರಿಸ್ಥಿತಿ ನನಗೆ ಗೊತ್ತು, ಹಾಗಾಗಿ ಎರಡು. ಅದರಲ್ಲೂ ಹೀಗೇ ಆದರೆ ಅವನನ್ನು ಕೂರಿಸದೆ ನನಗೆ ಬೇರೆ ದಾರಿಯಿಲ್ಲ. ನಾನು ಅವರ ಎರಡು ಕೈಯನ್ನೂ ಹಿಡಿದುಕೊಂಡೆ. ಸುಮ್ಮನಿರಿ ಅಂದದ್ದನ್ನು ಮಾತ್ರ ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟೆ. ಅವರಿಗೇನು ಗೊತ್ತು, ಹುಡುಗನಿಗೆ ಬೇಕಾದದ್ದು ಏನೆಂದು?

ಆ ಎರಡರಲ್ಲಿ ಮೊದಲನೆಯದ್ದು ಕೋಪರಖೈರಣೆಯಲ್ಲೇ ಇತ್ತು, ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ. ಅಕ್ಕನೂ ಬರುತ್ತೇನೆಂದಳು, ನಾನೇ ಬೇಡವೆಂದೆ. ಎದುರು ಟೀಮಿನಲ್ಲಿ ನೆಟ್ಟಿನ ನಡುವೆ ನಿಲ್ಲುವ ಒಬ್ಬ ಉದ್ದದ ಹುಡುಗನಿದ್ದ, ಕೈಯಲ್ಲಿ ಸ್ಟೀಲಿನ ಕಡಗ. ನಾನು "ದುಂಬು" ಅಂದರೆ ಅವನು ತನ್ನವರಿಗೆ ಮರಾಠಿಯಲ್ಲಿ ಏನೋ ಕೂಗಿ ಆ ಬದಿಗೆ ಓಡುತ್ತಿದ್ದ. "ಪಿರ" ಅಂದರೆ ಈ ಬದಿಗೆ. ನಮ್ಮ ಹುಡುಗ ಚೆಂಡು ಎತ್ತುವ ಮೊದಲು ಒಂದು ಸಲ ಆ ಕಡಗದ ಹುಡುಗನನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ, ಆಮೇಲೆ ನಾನು ಹೇಳಿದ ಕಡೆಗೇ ಎತ್ತಿದ. ಚೆಂಡು ಬ್ಲಾಕಿಗೆ ಬಡಿದು ಅವನ ಕಾಲ ಬುಡಕ್ಕೇ ಬಿತ್ತು. ಮೂರು ಸೆಟ್ಟೂ ಹೋಯಿತು.

ಪಂದ್ಯ ಮುಗಿದ ಮೇಲೆ ನಾನು ನಳ್ಳಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಕಡಗದ ಹುಡುಗ ಬಾಟಲಿ ತುಂಬಿಸಲು ಬಂದ. ನನ್ನನ್ನು ನೋಡಿ ನಕ್ಕ. ಕೆಟ್ಟ ನಗುವಲ್ಲ, ಮದುವೆ ಮನೆಯಲ್ಲಿ ಗುರುತಿನವರನ್ನು ಕಂಡ ಹಾಗೆ. ಆಮೇಲೆ ಕೇಳಿದ:

"ಮಾಮ, ಈರೆನ ಊರು ಓಲು?"

ನಿಮ್ಮ ಊರು ಯಾವುದು ಎಂದು ಕೇಳಿದ್ದ. ನಿಖರವಾದ, ತಪ್ಪಿಲ್ಲದ ತುಳು. ನನ್ನ ಕೈಯಲ್ಲಿದ್ದ ನೀರು ಹಾಗೇ ಸೋರಿಹೋಯಿತು. ನಾನು ಊರ ಹೆಸರು ಹೇಳಿದೆ. ಅವನ ಅಜ್ಜಿಯ ಮನೆ ಅಲ್ಲಿಂದ ನಾಲ್ಕು ಮೈಲಿ. ಅವನ ಅಪ್ಪನದ್ದು ಐರೋಳಿಯಲ್ಲಿ ಹೋಟೆಲು. ಆ ಹೋಟೆಲು ನನಗೆ ಗೊತ್ತಿತ್ತು, ಮಾಲೀಕರ ಪರಿಚಯವಿತ್ತು, ಅಲ್ಲಿ ಚಾ ಕುಡಿದಿದ್ದೆ.

"ನೀವು ಕೂಗುವುದು ಕೇಳಿ ನನ್ಗೆ ಅಜ್ಜಿದೇ ನೆನಪಾಯ್ತು. ಅವ್ರೂ ಹೀಗೇ, ಇಡೀ ಊರಿಗೆ ಕೇಳ್ಬೇಕು," ಎಂದ. ಮತ್ತೆ ನನ್ನ ಮುಖ ನೋಡಿ ನಗು ಕಡಿಮೆ ಮಾಡಿದ. "ಬೇಜಾರು ಮಾಡ್ಬೇಡಿ ಮಾಮ. ಗೊತ್ತಾದ ಮೇಲೆ ನಾನು ಸುಮ್ನಿರ್ಲಿಕ್ಕೆ ಆಗುದಿಲ್ಲ ಅಲ್ವಾ. ಟೀಮಿನ ವಿಷಯ."

"ನಿನ್ಗೊಬ್ಬನಿಗೆ ಗೊತ್ತಾಗ್ತದಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಇಲ್ಲ ಮಾಮ. ಠಾಣೆ ಟೀಮಲ್ಲಿ ಇಬ್ರಿದ್ದಾರೆ. ಐರೋಳಿ ಕಾಲೇಜಲ್ಲಿ ಒಬ್ಬ. ಹೋಟೆಲಿನವರ ಮಕ್ಕಳೇ ಎಲ್ಲ. ನಾವು ನಮ್ಮ ತುಳುವರ ಸಂಘದ ಪಂದ್ಯದಲ್ಲಿ ಒಂದೇ ಟೀಮು."

ಅವನು ಬಗ್ಗಿ ನನ್ನ ಕಾಲು ಮುಟ್ಟಿ ಹೋದ. ಹೋಗುತ್ತಾ ಗೆಳೆಯರನ್ನು ಮರಾಠಿಯಲ್ಲಿ ಕರೆದ.

ಠಾಣೆಯಿಂದ ಪನ್ವೇಲಿನವರೆಗೆ ಇಡ್ಲಿ ಬೇಯಿಸುವವರೆಲ್ಲ ನಮ್ಮವರೇ ಎಂದು ಬಂದವರ ಮುಂದೆಲ್ಲ ಎದೆ ಉಬ್ಬಿಸುತ್ತಿದ್ದವನು ನಾನು. ಅವರಿಗೆ ಮಕ್ಕಳಿರುತ್ತಾರೆ, ಆ ಮಕ್ಕಳೂ ಕಾಲೇಜಿಗೆ ಹೋಗುತ್ತಾರೆ, ಊರಿನ ಮಕ್ಕಳ ಹಾಗೆ ಅವರೂ ವಾಲಿಬಾಲ್ ಆಡುತ್ತಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಮರಾಠಿ ಮಾತಾಡಿದರು, ಮರಾಠಿಯವರೆಂದುಕೊಂಡೆ. ನನ್ನ ಮಗಳೂ ಮನೆಯಲ್ಲಿ ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳೇ. ಎಲ್ಲ ತಿಳಿದೇ ಕೊಡುತ್ತಾಳೆ.

ನಾನು ಎರಡು ದಿನ ದೋಸೆಯವನಿಗೆ ಸುಮ್ಮಸುಮ್ಮನೆ ಬೈದೆ. ಹುಡುಗನಿಗೆ ಹೇಳುವ ಧೈರ್ಯ ಬರಲಿಲ್ಲ. ತಂದೆ ಹೋದವನಿಗೆ ಆಸರೆಯಾಗಲು ಹೋದ ಮಾವನೇ ಅವನನ್ನು ಮುಳುಗಿಸಿದ ಎಂದು ಯಾವ ಬಾಯಿಯಲ್ಲಿ ಹೇಳುವುದು? ಕೊನೆಗೆ ಒಂದು ತೀರ್ಮಾನ ಮಾಡಿದೆ. ಉಳಿದ ಒಂದು ಪಂದ್ಯಕ್ಕೆ ಹೋಗುತ್ತೇನೆ, ಅದೇ ಜಾಗದಲ್ಲಿ ನಿಲ್ಲುತ್ತೇನೆ, ಬಾಯಿ ತೆರೆಯುವುದಿಲ್ಲ. ಅವನ ಕೈ ಚೆನ್ನಾಗಿದೆ, ಲಿಫ್ಟ್ ಚೆನ್ನಾಗಿದೆ. ಗುಟ್ಟು ಬಯಲಾಗದಿದ್ದರೆ ಅವನು ಗೆಲ್ಲುತ್ತಾನೆ. ಹೋಟೆಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚುವಾಗ ಆ ಎರಡು ದಿನವೂ ಬೇರೇನೂ ಕೇಳಿಕೊಳ್ಳಲಿಲ್ಲ.

ಆ ಪಂದ್ಯ ಕಲ್ಯಾಣದಲ್ಲಿ, ಅವನದೇ ಮೈದಾನದಲ್ಲಿ. ನಾನು ಹೋಗಿ ಗೆರೆಯಿಂದ ಎರಡು ಹೆಜ್ಜೆ ಹೊರಗೆ ಕೈ ಕಟ್ಟಿಕೊಂಡು ನಿಂತೆ. ಅವನು ನನ್ನನ್ನು ನೋಡಿ ತಲೆ ಆಡಿಸಿದ. ಮೊದಲ ಚೆಂಡು ಬಂತು. ಅವನು ಅದರ ಕೆಳಗೆ ಹೋಗಿ ಕೈ ಎತ್ತಿದ. ನಾನು ಹಲ್ಲು ಕಚ್ಚಿ ನಿಂತೆ. ಅವನು ಕಾದ. ಚೆಂಡು ಬೆರಳಿಗೆ ಬಂದು ಮುಟ್ಟಿದರೂ ಕಾಯುತ್ತಲೇ ಇದ್ದ. ರೆಫ್ರಿ ಸೀಟಿ ಊದಿದ, ಚೆಂಡನ್ನು ಕೈಯಲ್ಲಿ ಹಿಡಿದದ್ದಕ್ಕೆ ಪಾಯಿಂಟು ಎದುರಿನವರಿಗೆ. ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಎರಡನೆಯದ್ದು ಹಾಗೇ. ಮೂರನೆಯದ್ದು ನೆಟ್ಟಿನ ಹೊರಗೆ ಹೋಯಿತು. ನಾಲ್ಕನೆಯದಕ್ಕೆ ಅವನು ಆಟ ಬಿಟ್ಟು ನನ್ನನ್ನೇ ನೋಡುತ್ತಿದ್ದ, ಚೆಂಡು ಅವನ ಭುಜಕ್ಕೆ ಬಡಿಯಿತು. ಒಂದು ಶಬ್ದ ಹೇಳಿಬಿಡಬೇಕೆಂದು ನನಗೆ ಅನ್ನಿಸುತ್ತಲೇ ಇತ್ತು. ಅವನ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕೋಚ್ ಕೈ ಮೇಲೆ ಮಾಡಿದರು. ಫಸ್ಟ್ ಇಯರಿನ ಹುಡುಗ ಒಳಗೆ ಹೋದ, ಇವನು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಟವೆಲ್ ತಲೆಗೆ ಹಾಕಿ ಕೂತ. ಟೀಮು ಗೆದ್ದಿತು.

ಅದು ಅವನ ಕೊನೆಯ ಪಂದ್ಯ. ಈಗ ಡಿಗ್ರಿ ಮುಗಿಸಿ ಎಂಐಡಿಸಿಯಲ್ಲೇ ಒಂದು ಗೋಡೌನಿನ ಆಫೀಸಿಗೆ ಹೋಗುತ್ತಾನೆ. ಒಳ್ಳೆಯ ಹುಡುಗ, ಅಕ್ಕನಿಗೆ ಎದುರು ಮಾತಾಡುವುದಿಲ್ಲ. ಮಾತೇ ಆಡುವುದಿಲ್ಲ. ಚೆಂಡು ಮಂಚದ ಕೆಳಗೆ ಗಾಳಿ ಹೋಗಿ ಬಿದ್ದಿದೆ, ಅಕ್ಕ ಗುಡಿಸುವಾಗ ಅದನ್ನು ಹೊರಗೆ ತೆಗೆದು, ನೆಲ ಗುಡಿಸಿ, ಮತ್ತೆ ಒಳಗೆ ತಳ್ಳುತ್ತಾಳೆ. ಪಂಪ್ ರೂಮಿಗೆ ಕಳೆದ ವರ್ಷ ಹೊಸ ಬಣ್ಣ ಹೊಡೆದರು.

ಆ ಕೊನೆಯ ಪಂದ್ಯ ಮುಗಿದ ದಿನ ಇಬ್ಬರೂ ಒಂದೇ ಗಾಡಿ ಹತ್ತಿದೆವು. ಕಲ್ಯಾಣ ಬಿಟ್ಟರೆ ಅವನ ಡೊಂಬಿವಲಿಗೆ ನಡುವೆ ಒಂದೇ ಸ್ಟೇಷನ್. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದೆವು. ಅವನೇ ಮಾತು ತೆಗೆದ.

"ಮಾಮ, ಇವತ್ತು ಯಾಕೆ ಕೂಗ್ಲಿಲ್ಲ?"

ನಾನು ಹೇಳಿದೆ. ನಳ್ಳಿಯ ಹತ್ತಿರ ನಡೆದದ್ದು, ಕಡಗದ ಹುಡುಗ, ಠಾಣೆಯ ಇಬ್ಬರು, ಎಲ್ಲ. ನನ್ನಿಂದ ತಪ್ಪಾಯಿತು ಮಗಾ ಎಂದೆ. ಅವನು ಹೊರಗೆ ನೋಡುತ್ತಾ ಕೇಳಿಸಿಕೊಂಡ.

"ನನ್ಗೆ ಗೊತ್ತಿತ್ತು ಮಾಮ," ಎಂದ.

"ಎಂತದು ಗೊತ್ತಿತ್ತು?"

"ಅವ್ರಿಗೆ ತುಳು ಬರ್ತದೆ ಅಂತ. ಠಾಣೆ ಮ್ಯಾಚಿನಲ್ಲೇ ಗೊತ್ತಾಯ್ತು. ನೀವು ಕೂಗಿದ್ದಕ್ಕೆ ಅವ್ರು ನಗ್ತಿದ್ರು."

"ಮತ್ತೆ ನೀನು ಹೇಳ್ಬಾರದಿತ್ತಾ? ಬೇರೆ ಕಡೆಗೆ ಎತ್ಬಾರದಿತ್ತಾ?"

ಗಾಡಿ ಠಾಕುರ್ಲಿಯಲ್ಲಿ ನಿಂತು ಹೊರಟಿತು. ಅವನ ಕಣ್ಣು ಇನ್ನೂ ಹೊರಗೇ ಇತ್ತು.

"ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ," ಎಂದ. "ಬೇರೆ ಕಡೆಗೆ ಎತ್ತಿದ್ರೂ ನಿಲ್ಲಿಸ್ತಿದ್ರಿ. ಅಪ್ಪ ಹೋದ ಮೇಲೆ ನನ್ಗೆ ಆ ಶಬ್ದ ಯಾರೂ ಹೇಳಿರ್ಲಿಲ್ಲ. ಸೋತ್ರೂ ಚಲೇಗಾ, ಪರವಾಗಿಲ್ಲ ಅಂತ ಅನ್ಸಿತ್ತು."

ನಾನು ಅವನ ಭುಜ ಹಿಡಿದುಕೊಂಡೆ. ಡೊಂಬಿವಲಿಯಲ್ಲಿ ಇಳಿಯುವವರು ಹಿಂದಿನಿಂದ ಒತ್ತತೊಡಗಿದ್ದರು. ಅವನು ನನ್ನ ಕಿವಿಯ ಹತ್ತಿರ ಬಗ್ಗಿದ.

"ಒಮ್ಮೆ ಹೇಳ್ತೀರಾ ಮಾಮ? ಕೂಗಿ ಅಲ್ಲ. ಅಪ್ಪ ಹೇಳ್ತಿದ್ದ ಹಾಗೆ, ಮೆಲ್ಲ."

ನಾನು ಬಾಯಿ ತೆರೆದೆ. ದುಂಬು, ನಡು, ಪಿರ, ಮೂರರಲ್ಲಿ ಒಂದು ಸಾಕಿತ್ತು. ದೋಸೆಕಲ್ಲಿನವರೆಗೆ ಕೇಳುವ ಗಂಟಲು, ಒಂದು ಗೇಣು ದೂರದಲ್ಲಿದ್ದ ಅವನ ಕಿವಿಗೆ ಮುಟ್ಟಲಿಲ್ಲ. ಬರೀ ಗಾಳಿ ಬಂತು. ಗಾಡಿ ನಿಂತಿತು. ಅವನು ಜನರನ್ನು ತಡೆದುಕೊಂಡು ಒಂದು ಕ್ಷಣ ಕಾದ, ಮೈದಾನದಲ್ಲಿ ಕೈ ಎತ್ತಿ ಕಾದ ಹಾಗೆಯೇ, ಆಮೇಲೆ ಇಳಿದು ಹೋದ.